ಹೊನ್ನಾಜಿ ಕೊಳ್ಳಲು ಹೋದ ಹಳೇ ಗಾಜು

ಬಹಳ ಬಹಳ ಹಿಂದೆ ನೆರಳೂರೆಂಬ ಒಂದು ರಾಜ್ಯವಿತ್ತು. ಅಲ್ಲಿ ಹುಟ್ಟಿದ ಮಗುವಿನ ಚಿತ್ರ ಹಿಡಿದ ಮೇಲೆಯೇ ಹೆಸರಿಡುವುದು. ನೂರನೆಯ ದಿನ ಹೊತ್ತು ಮುಳುಗುವುದರೊಳಗೆ ಚಿತ್ರ ಆಗದಿದ್ದರೆ ಹೆಸರಿಲ್ಲ; ಹೆಸರಿಲ್ಲದವರಿಗೆ ಕೋಟೆಯೊಳಗೆ ಜಾಗವಿಲ್ಲ. ಇಂಥ ಕಾನೂನು ಮಾಡಿದ ಪುಣ್ಯಾತ್ಮ ಯಾರೋ, ನನಗಂತೂ ಗೊತ್ತಿಲ್ಲ.

ಅರಮನೆಯಲ್ಲಿ ಚಿತ್ರ ಹಿಡಿಯುವವಳು ಹೊನ್ನಾಜಿ. ಅವಳ ಹತ್ತಿರ ಒಂದು ಕತ್ತಲೆಪೆಟ್ಟಿಗೆ, ಅದರ ಮೂತಿಗೊಂದು ಉಬ್ಬುಗಾಜು. ಆಗಷ್ಟೇ ಹುಟ್ಟಿದ್ದ ರಾಜಕುಮಾರಿಯ ನೂರನೆಯ ದಿನ ಬೆಳಿಗ್ಗೆಯೇ ಅರಮನೆಯ ಮಂಗ ಆ ಗಾಜನ್ನು ಕಲ್ಲುಸಕ್ಕರೆ ಎಂದುಕೊಂಡು ಕಚ್ಚಿ, ಸಿಟ್ಟಿನಿಂದ ನೆಲಕ್ಕೆ ಬಡಿಯಿತು. ಗಾಜು ಚೂರುಚೂರಾಯಿತು. ಹೊಸ ಗಾಜು ಉಜ್ಜಲು ತಿಂಗಳು ಬೇಕು. ಹೊನ್ನಾಜಿ ಹಳೇ ಸಾಮಾನಿನ ಪೇಟೆಗೆ ಓಡಿದಳು.

ಅಲ್ಲಿ ಕರಿಗುಂಡನೆಂಬವನ ಅಂಗಡಿಯಲ್ಲಿ ಸರಿಯಾಗಿ ಅದೇ ಅಳತೆಯ ಗಾಜು ಸಿಕ್ಕಿತು. ಅವನು ಮಂತ್ರವಾದಿ ಎಂದು ನಿಮಗೆ ಹೇಳುತ್ತಿದ್ದೇನೆ, ಪೇಟೆಯವರಿಗೆ ಗೊತ್ತಿರಲಿಲ್ಲ.

“ಒಂದೇ ಕೈ ಬಳಸಿದ್ದು ತಂಗಿ, ಒಂದು ಗೀರಿಲ್ಲ. ಬೇಗ ಹೇಳು, ಹಿಂದಿನವರು ಕಾಯ್ತಿದಾರೆ,” ಎಂದ ಕರಿಗುಂಡ. ಹಿಂದೆ ಯಾರೂ ಇರಲಿಲ್ಲ.

“ನಮ್ಮ ಕಸುಬಿನವರು ಹಳೇ ಗಾಜನ್ನ ಮೂರು ಸಲ ನೋಡದೆ ಕೊಳ್ಳಲ್ಲ ಅಣ್ಣಾ. ಸೂರ್ಯನಿಗೆ ಒಡ್ಡಿ ಒಂದು ಸಲ, ನೀರಿನ ಮೇಲೆ ಹಿಡಿದು ಒಂದು ಸಲ, ಹಿಂದುಮುಂದು ಮಾಡಿ ಮಾರುವವರ ಮುಖಾನೇ ಒಂದು ಸಲ.”

ಮೊದಲು ಸೂರ್ಯನಿಗೆ ಒಡ್ಡಿದಳು. ಬೂಷ್ಟಿಲ್ಲ, ಬಿರುಕಿಲ್ಲ. ಆದರೆ ಗಾಜಿನಿಂದ ಅಂಗೈಗೆ ಬಿದ್ದ ಬಿಸಿಲು ಬಾವಿನೀರಿನಂತೆ ತಣ್ಣಗಿತ್ತು! ಹೊನ್ನಾಜಿ ಬೆಚ್ಚಿಬಿದ್ದಳು.

“ಚಳಿಗಾಲದಲ್ಲಿ ಉಜ್ಜಿದ ಗಾಜು,” ಎಂದ ಕರಿಗುಂಡ.

ಆಮೇಲೆ ಅಂಗಡಿಯಲ್ಲಿದ್ದ ಕೊಡದ ನೀರಿನ ಮೇಲೆ ಹಿಡಿದಳು. ನೀರಿನಲ್ಲಿ ಅವಳ ಮುಖವೇ ಇಲ್ಲ! ಯಾರೋ ಮುದುಕ, ಅವನ ಹಿಂದೆ ಹೆಂಗಸರು, ಮಕ್ಕಳು, ಎಲ್ಲ ಸೇರಿ ನಲವತ್ತು ಜನ ಒತ್ತೊತ್ತಾಗಿ ನಿಂತಿದ್ದರು. ಮುದುಕನ ಹೆಬ್ಬೆರಳು ಚಿತ್ರ ಮೂಡಿಸುವ ಮದ್ದು ತಾಗಿ ಕಪ್ಪಾಗಿತ್ತು, ಹೊನ್ನಾಜಿಯ ಹೆಬ್ಬೆರಳಿನ ಹಾಗೆಯೇ. ಅವನು ತುಟಿಯಾಡಿಸಿದ:

“ಕೊಳ್ಳಬೇಡ ಮಗಳೇ. ಇದು ಚಿತ್ರ ಹಿಡಿಯೋದಿಲ್ಲ, ಮನುಷ್ಯರನ್ನೇ ಹಿಡಿಯುತ್ತೆ.”

ಹೊನ್ನಾಜಿ ಗಾಜನ್ನು ನೀರಿನಿಂದ ಆಚೆ ಸರಿಸಿದಳು. ಅಯ್ಯೋ, ಇದನ್ನು ನೂರು ದಿನದ ಕೂಸಿನ ಮುಖಕ್ಕೆ ಹಿಡಿಯುತ್ತಿದ್ದೆನಲ್ಲ! ಕೊಂಡರೆ ಕೂಸು ಗಾಜಿನ ಒಳಗೆ. ಬಿಟ್ಟರೆ ಸಂಜೆಗೆ ಕೂಸು ಕೋಟೆಯ ಹೊರಗೆ.

ಕರಿಗುಂಡ ಕೈ ಚಾಚಿದ. “ನೋಡಿದ್ದು ಸಾಕು, ಕೊಡು! ಮೂರನೇದು ಬೇಡ!”

ಬೇಡ ಅಂದದ್ದೇ ತಡ, ಹೊನ್ನಾಜಿ ಗಾಜನ್ನು ತಿರುಗಿಸಿ ಅದರೊಳಗಿಂದ ಅವನ ಮುಖವನ್ನೇ ನೋಡಿದಳು. ಕಿರುಚುತ್ತಿದ್ದ ಕರಿಗುಂಡನನ್ನು ಗಾಜು ಒಳಕ್ಕೆ ಸೆಳೆದುಕೊಂಡಿತು. ಒಡೆಯನನ್ನೇ ನುಂಗಿದ ಗಾಜು ಉಳಿದವರನ್ನೆಲ್ಲ ಕಕ್ಕಿತು. ಪೇಟೆಯವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ, ಕರಿಗುಂಡನ ಸಮೇತ ಗಾಜು ಹೊಗೆಯಾಗಿ ಹೋಯಿತು.

ಹೊನ್ನಾಜಿ ಕುಸಿದು ಕೂತು ಅತ್ತಳು. “ನೀವೆಲ್ಲ ಬಂದ್ರಿ, ಸಂತೋಷ. ಆದರೆ ಕೂಸಿನ ಚಿತ್ರಕ್ಕೆ ಗಾಜಿಲ್ಲವಲ್ಲ ತಾತ!”

“ಗಾಜು ಯಾಕೆ?” ಎಂದ ಮುದುಕ. “ಪೆಟ್ಟಿಗೆಯ ಮೂತಿಗೆ ತಗಡು ಬಡಿದು ಸೂಜಿಮೊನೆಯಷ್ಟು ತೂತು ಮಾಡು. ಅನ್ನ ಬೇಯುವಷ್ಟು ಹೊತ್ತು ಕೂಸು ಅಲ್ಲಾಡಬಾರದು, ಅಷ್ಟೇ.”

ಹೊನ್ನಾಜಿ ಎಲ್ಲರನ್ನೂ ಕರೆದುಕೊಂಡು ಅರಮನೆಗೆ ಓಡಿದಳು. ಮುದುಕ ಹೇಳಿದ ಹಾಗೆಯೇ ಮಾಡಿದಳು. ರಾಣಿ ಹಾಲು ಕುಡಿಸಿ ಕೂಸನ್ನು ಮಲಗಿಸಿದಳು. ನಲವತ್ತು ಜನ ಸುತ್ತ ನಿಂತರು, ಒಬ್ಬರೂ ಕೆಮ್ಮಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಚಿತ್ರ ಮೂಡಿತು. ಕೊಂಚ ಮಬ್ಬು, ಆದರೆ ಮೂಗು ತಾಯಿಯದೇ. ರಾಜಕುಮಾರಿಗೆ ಮಂದಾರೆ ಎಂದು ಹೆಸರಿಟ್ಟರು. ಅರಸ ಆ ಹಾಳು ಕಾನೂನನ್ನು ಒಲೆಗೆ ಹಾಕಿದ. ಅಂದಿನಿಂದ ನೆರಳೂರಿನಲ್ಲಿ ಎಲ್ಲರೂ ನೆಮ್ಮದಿಯಾಗಿ ಉಂಡು, ನೆಮ್ಮದಿಯಾಗಿ ಮಲಗಿದರು.

“ಇಷ್ಟು ಸುಲಭವಾ! ಮೊದಲೇ ಗೊತ್ತಿದ್ದಿದ್ರೆ ನಾನು ಪೇಟೆಗೇ ಹೋಗ್ತಿರಲಿಲ್ಲ ತಾತ,” ಎಂದಳು ಆ ಸಂಜೆ ಹೊನ್ನಾಜಿ.

“ಗೊತ್ತಿಲ್ಲದ್ದೇ ಒಳ್ಳೇದಾಯ್ತು ಮಗಳೇ,” ಎಂದ ಮುದುಕ, ಹಿಂದೆ ನಿಂತಿದ್ದ ಮೂವತ್ತೊಂಬತ್ತು ಜನರನ್ನು ತೋರಿಸಿ.