ತೊಟ್ಟಿಲಲ್ಲಿ ತೋಳ ಕಂಡ ದೊರೆ

ಬನ್ನಿ ಮಕ್ಕಳೇ, ಹತ್ತಿರ ಸರಿದು ಕೂತ್ಕೊಳ್ಳಿ. ಕಿತ್ತಾಟ ಸಾಕು, ಕಾಲು ಮಡಚಿ. ಒಬ್ಬರಾದರೂ ಹೂಂಗುಟ್ಟುತ್ತಾ ಇರಬೇಕು, ಇಲ್ಲದಿದ್ದರೆ ಕತೆ ಮುನಿಸಿಕೊಂಡು ಬಾಗಿಲಾಚೆ ಹೊರಟುಹೋಗುತ್ತೆ.

ಬಹಳ ಬಹಳ ಹಿಂದೆ, ಏಳು ಬೆಟ್ಟದ ಆಚೆ, ಮಿಂಚುಗಿರಿ ಅಂತ ಒಂದು ರಾಜ್ಯ. ಅಲ್ಲಿಗೆ ದೇವರಸ ಅಂತ ದೊರೆ. ಅವನ ಹೆಂಡತಿ ಹೊನ್ನಾಜಿ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಒಂದೇ ಒಂದು ಹೆಣ್ಣು ಕೂಸು, ಇನ್ನೂ ತೊಟ್ಟಿಲಲ್ಲಿತ್ತು.

ಆ ರಾಜ್ಯದ ಜನರದ್ದು ಒಂದು ನಂಬಿಕೆ. ಕಣ್ಣೊಳಗೆ ಒಂದು ಗೊಂಬೆ ಕೂತಿರುತ್ತೆ, ಲೋಕವನ್ನೆಲ್ಲ ಅದೇ ನೋಡುತ್ತೆ ಅಂತ. ಅದಕ್ಕೇ ದೊರೆಯ ಕಣ್ಣಿಗೆ ದಿನಾ ಬೆಳಗ್ಗೆ ಕಾಡಿಗೆ, ಸಂಜೆ ಆರತಿ. ಧೂಳು ಬೀಳದ ಹಾಗೆ ಎಡಗಡೆ ಒಬ್ಬ, ಬಲಗಡೆ ಒಬ್ಬ ಬೀಸಣಿಗೆ ಹಿಡಿದ ಕಾವಲಿನವನು. ದೊರೆ ಕಂಡಿದ್ದೇ ನಿಜ ಅನ್ನೋದು ಅಲ್ಲಿನ ಕಟ್ಟಳೆ. ಮುಂದೆ ಇಷ್ಟೆಲ್ಲ ಕಾವಲಿಟ್ಟವರು ದೊರೆಯ ಹಿಂದಲೆ ಕಡೆಗೆ ಯಾವತ್ತೂ ತಿರುಗಿ ನೋಡಲಿಲ್ಲ.

ಸಿಂಹಾಸನದ ಮೇಲೆ ಕಣ್ಣಿಟ್ಟಿದ್ದ ಮಸುಕಯ್ಯ ಅನ್ನೋ ಮಂತ್ರವಾದಿಗೆ ಅಷ್ಟೇ ಸಾಕಾಯಿತು. ದೀಪಾವಳಿಯ ಎಣ್ಣೆಸ್ನಾನಕ್ಕೆ ಎಣ್ಣೆ ತಿಕ್ಕುವ ಮುದುಕನ ವೇಷದಲ್ಲಿ ಬಂದ. ನೆತ್ತಿಗೆ ಎಣ್ಣೆ ತಟ್ಟಿದ, ಹಿಂದಲೆಗೆ ಬಾಯಿಟ್ಟು ಒಂದು ಬಾಯಿ ಹೊಗೆ ಊದಿದ. ಹೊಗೆ ಒಳಗೆ ಹೋಯಿತು. ಹೊಗೆಯ ಹಿಂದೆ ಅವನೂ ಹೋದ.

ಆವತ್ತಿಂದ ದೊರೆಯ ನೋಟ ಕೆಟ್ಟಿತು. ತಟ್ಟೆ ಕಾಣುತ್ತೆ, ಅನ್ನ ಯಾವುದು ಅಂತ ತಿಳಿಯದು. ಚೊಂಬಿನಿಂದ ಸುರಿಯೋ ನೀರು ಗಾಜಿನ ಕಂಬದ ಹಾಗೆ ನಿಂತೇ ಇರುತ್ತೆ. ವೈದ್ಯ ಬಂದು ರೆಪ್ಪೆ ಎತ್ತಿ ನೋಡಿದ. "ಕಣ್ಣು ತೊಳೆದ ಮುತ್ತಿನ ಹಾಗಿದೆ. ಇನ್ನೊಂದು ಸುತ್ತು ಕಾಡಿಗೆ ಹಚ್ಚಿ" ಅಂದ.

ಒಂದು ಬೆಳಗ್ಗೆ ದೊರೆ ತೊಟ್ಟಿಲಿಗೆ ಬಗ್ಗಿ ನೋಡಿದವನು ಚೀರಿದ.

"ತೋಳ! ತೋಳದ ಮರಿ! ಯಾರು ತಂದು ಮಲಗಿಸಿದ್ದು ಇದನ್ನ?"

"ಅಯ್ಯೋ ನನ್ನ ದೊರೆ, ನಿಮ್ಮ ಮಗಳಲ್ವೇ!" ಅಂದಳು ಹೊನ್ನಾಜಿ.

"ನನ್ನ ಮಗಳನ್ನ ತಿಂದು ಅವಳ ಜಾಗದಲ್ಲಿ ಮಲಗಿದೆ. ಸೂರ್ಯ ನೆತ್ತಿಗೆ ಬರಲಿ, ಖಡ್ಗಕ್ಕೆ ಪೂಜೆ ಮಾಡಿ ಕಡಿದುಹಾಕ್ತೀನಿ."

ದೊರೆ ಕಂಡಿದ್ದೇ ನಿಜ ಅನ್ನೋದು ಕಟ್ಟಳೆಯಲ್ಲವೇ! ಕಾವಲಿನವರು ತೊಟ್ಟಿಲ ಸುತ್ತ ಈಟಿ ನೆಟ್ಟು ನಿಂತರು. ಹೆತ್ತ ತಾಯಿಯನ್ನೂ ಹತ್ತಿರ ಬಿಡಲಿಲ್ಲ.

ಆ ಕೂಸಿನ ಹೆರಿಗೆ ಮಾಡಿಸಿದ ಸೂಲಗಿತ್ತಿ ಪುಟ್ಟಕ್ಕ ಮೂಲೆಯಲ್ಲಿ ಕೂತು ಎಲೆ ಮಡಚುತ್ತಿದ್ದಳು. ಎದ್ದು ಬಂದು ಹೊನ್ನಾಜಿಯ ಕೈ ಹಿಡಿದಳು.

"ತಾಯಿ, ಕೇಡು ಕಣ್ಣಲ್ಲಿಲ್ಲ, ಅದರ ಹಿಂದೆ ಎಲ್ಲೋ ಇದೆ. ಒಳಗೆ ಹೊಕ್ಕು ನೋಡಬೇಕು. ಹೋಗ್ತೀಯಾ?"

"ಬೆಂಕಿಯೊಳಕ್ಕೆ ಹೋಗು ಅಂದ್ರೂ ಹೋಗ್ತೀನಿ ಪುಟ್ಟಕ್ಕ."

ಪುಟ್ಟಕ್ಕ ಅಂಗೈಲಿ ಸಾಸಿವೆ ಕಾಳು ತಿಕ್ಕಿ ಉಫ್ ಅಂದಳು. ಹೊನ್ನಾಜಿ ಸಾಸಿವೆಯಷ್ಟಾದಳು, ಆಮೇಲೆ ಸಾಸಿವೆಯ ಸಿಪ್ಪೆಯಷ್ಟಾದಳು. ಬೀಸಣಿಗೆ ಗಾಳಿಗೆ ಹಾರಿ ದೊರೆಯ ಕಣ್ಣೊಳಗೆ ಬಿದ್ದಳು.

ಒಳಗೆ ನಿಜವಾಗಿಯೂ ಒಂದು ಗೊಂಬೆ ಕೂತಿತ್ತು, ಮೈಯೆಲ್ಲ ಕಾಡಿಗೆ.

"ಗೊಂಬೆಯಮ್ಮ, ನನ್ನ ಕೂಸು ನಿನಗೆ ತೋಳದ ಹಾಗೆ ಯಾಕೆ ಕಾಣ್ತು?"

ಗೊಂಬೆ ಕಿಸಕ್ಕನೆ ನಕ್ಕಿತು. "ನನಗಾ? ನಾನೇನು ಕಂಡೆ ಮಾರಾಯ್ತಿ? ನಾನು ಬಾಗಿಲು ಕಾಯೋಳು. ಬೆಳಕು ಬರುತ್ತೆ, ತಲೆಕೆಳಗಾಗಿ ಬೀಳುತ್ತೆ. ಚೂರು ಚೂರು ಮಾಡಿ ದಾರಕ್ಕೆ ಪೋಣಿಸಿ ಹಿಂದಕ್ಕೆ ಕಳಿಸ್ತೀನಿ. ನೋಡೋದೆಲ್ಲ ಹಿಂದಲೆ ಊರಲ್ಲಿ."

"ಮತ್ತೆ ಇಷ್ಟು ಕಾಲ ನಿನಗೆ ಕಾಡಿಗೆ, ಆರತಿ?"

"ಕೊಟ್ಟಿದ್ದನ್ನ ಬೇಡ ಅನ್ನೋಕೆ ನನಗೇನು ಹುಚ್ಚೇ?"

ಹೊನ್ನಾಜಿ ದಾರ ಹಿಡಿದು ಜಾರಿದಳು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾರಗಳು ನಡುವೆ ಹೆಣೆದುಕೊಂಡಿದ್ದವು. ಹಾಗೇ ಜಾರಿ ಜಾರಿ ಹಿಂದಲೆ ಊರಿನ ಮೊದಲ ಬೀದಿಗೆ ಬಂದು ಬಿದ್ದಳು.

ಅದು ಗೀಟಿನ ಬೀದಿ. ಸಾಲು ಸಾಲು ಗೂಡು, ಗೂಡಿಗೊಂದು ಕಿಂಡಿ, ಕಿಂಡಿಗೊಬ್ಬ ಮನುಷ್ಯ. ಒಬ್ಬನಿಗೆ ನಿಂತ ಗೀಟು ಮಾತ್ರ ಗೊತ್ತು, ಒಬ್ಬನಿಗೆ ಮಲಗಿದ ಗೀಟು, ಇನ್ನೊಬ್ಬನಿಗೆ ವಾಲಿದ ಗೀಟು. ತನ್ನ ಗೀಟು ತನ್ನ ಕಿಂಡಿಗೆ ಬಂದರೆ "ಬಂತು!" ಅಂತ ಕೂಗೋದೇ ಕೆಲಸ. ಈಗ ನೋಡಿದರೆ ಬಂದರೂ ಕೂಗು, ಬಾರದಿದ್ದರೂ ಕೂಗು, ಕಿವಿ ತೂತಾಗುವಷ್ಟು ಗದ್ದಲ.

"ನನ್ನ ಕೂಸಿನ ಚಿತ್ರ ಯಾರ ಹತ್ತಿರ ಇದೆ?" ಅಂತ ಕೇಳಿದಳು ಹೊನ್ನಾಜಿ.

"ಚಿತ್ರ ಗಿತ್ರ ನಮಗೆ ಗೊತ್ತಿಲ್ಲಮ್ಮ. ತೊಟ್ಟಿಲ ಹಗ್ಗ ನನ್ನದು, ಅಂಚು ಅವನದು. ಕೂಸು ಒಬ್ಬರ ಹತ್ತಿರವೂ ಇಲ್ಲ, ಎಲ್ಲರ ಹತ್ತಿರವೂ ಇದೆ. ಆದರೆ ಹುಷ್ ಅನ್ನೋ ಅಜ್ಜಿಯರು ಮಲಗಿಬಿಟ್ಟಿದ್ದಾರೆ, ನಮ್ಮ ಬಾಯಿ ನಿಲ್ಲುತ್ತಿಲ್ಲ!" ಅಂದ ನಿಂತ ಗೀಟಿನವನು.

ನೋಡಿದರೆ ಹೌದು. ಗೂಡು ಗೂಡಿನ ನಡುವೆ ಒಬ್ಬೊಬ್ಬ ಅಜ್ಜಿ. ಒಬ್ಬ ಗಟ್ಟಿಯಾಗಿ ಕೂಗಿದಾಗ ಅಕ್ಕಪಕ್ಕದವರನ್ನ ಹುಷ್ ಅಂತ ಸುಮ್ಮನಿರಿಸೋದು ಅವರ ಕೆಲಸ. ಹಾಗೆ ಮಾಡಿದರೇ ಅಂಚು ಅಂಚಾಗಿ ಕಾಣೋದು. ಮಸುಕಯ್ಯನ ಹೊಗೆ ಕುಡಿದು ಎಲ್ಲರೂ ಗೊರಕೆ ಹೊಡೆಯುತ್ತಿದ್ದರು. ಹಸಿ ಸೌದೆಯ ಒಲೆಗೆ ಗಾಳಿ ಹಾಕುವ ಹಾಗೆ ಹೊನ್ನಾಜಿ ಸೆರಗು ಬೀಸಿದಳು. ಬೀಸಿ ಬೀಸಿ ತೋಳು ಸೋತಿತು, ಹೊಗೆ ಚದುರಿತು. ಅಜ್ಜಿಯರು ಆಕಳಿಸಿ ಎದ್ದರು.

"ಏನ್ರೋ ಗದ್ದಲ ಇದು! ಹುಷ್!"

ಬೀದಿ ತಣ್ಣಗಾಯಿತು. ಗೀಟಿನ ಪಕ್ಕ ಗೀಟು ನೆಟ್ಟಗೆ ನಿಂತಿತು.

ಅಲ್ಲಿಂದ ದಾರಿ ಎರಡಾಗಿ ಒಡೆಯಿತು. ಮೇಲಿನ ದಾರಿ ಯಾವುದು ಎಲ್ಲಿದೆ, ಎತ್ತ ಹೋಗುತ್ತಿದೆ ಅಂತ ತಿಳಿಯುವವರದು. ಕೆಳಗಿನ ದಾರಿ ಅದು ಏನು, ಯಾರು ಅಂತ ತಿಳಿಯುವವರದು. ಹೊನ್ನಾಜಿ ಮೊದಲು ಮೇಲಕ್ಕೆ ಹತ್ತಿದಳು.

ಅದು ಚಲನೆಯ ಬೀದಿ. ಮನೆಗೊಂದು ರಾಟೆ. ಎಡಕ್ಕೆ ಹೋಗುವುದನ್ನ ಕಂಡರೆ ತಿರುಗುವ ರಾಟೆ ಒಂದು, ಬಲಕ್ಕೆ ಹೋಗುವುದಕ್ಕೆ ತಿರುಗುವುದು ಇನ್ನೊಂದು. ಒಂದೂ ತಿರುಗುತ್ತಿರಲಿಲ್ಲ. ಬೀದಿ ನಡುವೆ ಮಸುಕಯ್ಯ ತಂದುಬಿಟ್ಟ ಆನೆ ಗಾತ್ರದ ಮಾಯದ ಗೋಸುಂಬೆ ಕೂತಿತ್ತು. ಅಲುಗಿದ್ದರ ಮೇಲೆಲ್ಲ ನಾಲಿಗೆ ಎಸೆಯುತ್ತಿತ್ತು.

ಹೊನ್ನಾಜಿ ಕಲ್ಲಿನ ಹಾಗೆ ನಿಂತು ಅದರ ಕಣ್ಣು ನೋಡಿದಳು. ಒಂದು ಕಣ್ಣು ಮೇಲೆ ಹೊರಳಿದರೆ ಇನ್ನೊಂದು ಕೆಳಗೆ. ಅವಳಿಗೆ ನಗು ಬಂತು.

"ಎಡದ ರಾಟೆಯವರೇ, ಬಲದ ರಾಟೆಯವರೇ, ನಾನು ಹೂಂ ಅಂದಾಗ ಎರಡೂ ಕಡೆಯವರು ಒಟ್ಟಿಗೇ ತಿರುಗಿಸಿ!"

"ನುಂಗಿಬಿಡುತ್ತೆ ತಾಯಿ!"

"ಇರೋದು ಒಂದೇ ನಾಲಿಗೆ. ಎತ್ತ ಎಸೀಬೇಕು ಅಂತ ಅದಕ್ಕೇ ತಿಳಿಯಲ್ಲ. ಹೂಂ!"

ರಾಟೆಗಳು ಗಿರ್ರನೆ ತಿರುಗಿದವು. ಗೋಸುಂಬೆಯ ಒಂದು ಕಣ್ಣು ಎಡಕ್ಕೆ ಓಡಿತು, ಒಂದು ಬಲಕ್ಕೆ ಓಡಿತು. ತಲೆ ಸುತ್ತಿ ದೊಪ್ಪನೆ ಅಂಗಾತ ಬಿತ್ತು.

ಹೊನ್ನಾಜಿ ಕೆಳದಾರಿಗೆ ಓಡಿದಳು. ಬಣ್ಣದವರ ಕೇರಿ ದಾಟಿ ಮೂರನೆಯದಾದ ಮೊಗದ ಬೀದಿಗೆ ಬಂದಳು. ಅಲ್ಲಿನ ಹೆಂಗಸರು ಹಿಂದಿನ ಬೀದಿಗಳಿಂದ ಬಂದ ಚೂರುಗಳನ್ನ ಕೂಡಿಸಿ ಮೊಗ ಗುರುತಿಸುವವರು. ಅವರಲ್ಲಿ ಕೂಸಿನ ಮೊಗದ ಗುರುತಿನವಳು ಗಲ್ಲಕ್ಕೆ ಕೈಯಿಟ್ಟು ಕೂತಿದ್ದಳು.

"ನಿನಗೆ ನನ್ನ ಮಗಳು ಗೊತ್ತಲ್ವೇನೇ?"

"ಗೊತ್ತು ತಾಯಿ. ಆದರೆ ಮೇಲೆ ಊರಿನ ಹಿರಿಯರು ಕೂರುವ ಅಟ್ಟದಿಂದ 'ತೋಳ' ಅಂತ ಮಾತು ಬರುತ್ತಿದೆ. ಮುಸ್ಸಂಜೆಯಲ್ಲಿ, ಮಂಜಿನಲ್ಲಿ, ಇದು ನಿನ್ನ ಬಾಗಿಲು, ಅದು ನಿನ್ನ ಹಸು ಅಂತ ಹೇಳಿ ಕಾಪಾಡೋದೇ ಅಟ್ಟದ ಮಾತು. ಹಿರಿಯರ ಮಾತು ಮೀರೋದು ಹೇಗೆ?"

ಹೊನ್ನಾಜಿ ಏಣಿ ಹತ್ತಿ ನೋಡಿದಳು. ಹಿರಿಯರನ್ನೆಲ್ಲ ಕಟ್ಟಿಹಾಕಿ ಮಸುಕಯ್ಯ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಬಾ ರಾಣಿ. ಕೂಸನ್ನ ಮರೆತು ಹೊರಟುಹೋಗು. ನಿನ್ನ ಗಂಡನಿಗೆ ನೀನು ಸಾಯೋವರೆಗೂ ಹದಿನಾರರ ಚೆಲುವೆಯಾಗೇ ಕಾಣೋ ಹಾಗೆ ಮಾಡ್ತೀನಿ."

"ನನ್ನ ಗಂಡನಿಗೆ ನಾನು ಹೇಗಿದ್ದೀನೋ ಹಾಗೇ ಕಂಡರೆ ಸಾಕು. ನಿನ್ನ ಮೂತಿಗೆ ಬೇಕಾದರೆ ಆ ಮಂತ್ರ ಹಾಕ್ಕೋ."

ಮಸುಕಯ್ಯನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಕೆಳಗೆ, ನಿಂತ ಗೀಟಿನವರೆಲ್ಲ ಒಮ್ಮೆಲೇ "ಬಂತು!" ಅಂತ ಕೂಗಿದರು. ಖಡ್ಗ! ಸೂರ್ಯ ನೆತ್ತಿಗೆ ಬಂದಿದ್ದ, ದೊರೆ ತೊಟ್ಟಿಲ ಮೇಲೆ ಖಡ್ಗ ಎತ್ತಿದ್ದ.

ಹೊನ್ನಾಜಿ ಏಣಿಯಿಂದ ಧುಮುಕಿದಳು. ಹೊರಗೆ ತೊಟ್ಟಿಲಲ್ಲಿ ಖಡ್ಗದ ಹೊಳಪು ಕಂಡು ಕೂಸಿಗೆ ಖುಷಿಯೋ ಖುಷಿ, ಎರಡು ಕಾಲನ್ನೂ ಪಟಪಟ ಬಡಿಯಿತು. ಮೇಲಿನ ಬೀದಿಯ ರಾಟೆಗಳು ಗಿರ್ರೆಂದವು. ತೋಳದ ಮರಿ ಹಾಗೆ ಕಾಲು ಬಡಿಯುತ್ತದೆಯೇ?

"ಒಬ್ಬೊಬ್ಬರೇ ಕೂಗಬೇಡಿ!" ಅಂತ ಹೊನ್ನಾಜಿ ಕೈ ತಟ್ಟಿದಳು. "ನಾಲ್ಕು ಒನಕೆ ಒಂದೇ ಒರಳಿಗೆ ಹೇಗೆ ಬೀಳುತ್ತೆ? ತಾಳ ಹಿಡಿದು! ಈ ಕೂಸಿನ ಚೂರು ಯಾರ ಯಾರ ಹತ್ತಿರ ಇದೆಯೋ ಅವರೆಲ್ಲ ಒಂದೇ ಏಟಿಗೆ ಕೂಗಿ! ಹೊಯ್!"

"ಹೊಯ್!" ಅಂದರು ಗೀಟಿನವರು. "ಹೊಯ್!" ಅಂದರು ರಾಟೆಯವರು. "ಹೊಯ್!" ಅಂದರು ಬಣ್ಣದವರು. ಮೂರನೇ ಏಟಿಗೆ ಊರಿಗೆ ಊರೇ ಒಂದೇ ದನಿಯಾಯಿತು. ಅಟ್ಟ ಗಡಗಡ ನಡುಗಿತು. ಕೂಸಿನ ಗುರುತಿನವಳು ಎದ್ದು ನಿಂತಳು.

"ತೋಳ ಅಲ್ಲ, ನಮ್ಮ ಕೂಸು!"

"ತೋಳ! ತೋಳ!" ಅಂತ ಮಸುಕಯ್ಯ ಬೊಬ್ಬೆ ಹೊಡೆದ. ಎತ್ತಿಕೊಳ್ಳುವವರು ಯಾರೂ ಇಲ್ಲದೆ ಆ ಮಾತು ಹೊಗೆಯಾಗಿ ಅವನ ಗಂಟಲಿಗೇ ವಾಪಸು ನುಗ್ಗಿತು. ಅವನಿಗೆ ಕೆಮ್ಮು, ದೊರೆಯ ಮೂಗಿಗೆ ತುರಿಕೆ. ಆಕ್ಷೀ! ಮಸುಕಯ್ಯ ಚಿಟಿಕೆ ಬೂದಿಯಾಗಿ ನೆಲಕ್ಕೆ ಬಿದ್ದ. ಖಡ್ಗವೂ ದೊರೆಯ ಕೈ ಜಾರಿ ಅದರ ಪಕ್ಕಕ್ಕೇ ಬಿತ್ತು.

ದೊರೆ ತೊಟ್ಟಿಲಿಗೆ ಬಗ್ಗಿ ಅತ್ತ. ಅವನ ಕಣ್ಣೀರಿನ ಜೊತೆ ಹೊನ್ನಾಜಿ ಕೆನ್ನೆಗಿಳಿದು, ನೆಲಕ್ಕಿಳಿದು, ಮೊದಲಿನಷ್ಟಾಗಿ ಪಕ್ಕದಲ್ಲಿ ನಿಂತಳು.

"ಹೊನ್ನಾಜಿ, ಇವಳ ಗಲ್ಲದಲ್ಲಿ ಗುಳಿ ಬೀಳುತ್ತಲ್ಲೇ! ನಾನು ಇದುವರೆಗೂ ಸರಿಯಾಗಿ ನೋಡೇ ಇರಲಿಲ್ಲ."

ಆಮೇಲೆ ಏನಾಯಿತು ಅಂತೀರಾ? ಮಸುಕಯ್ಯನ ಬೂದಿಯನ್ನ ಪುಟ್ಟಕ್ಕ ಪೊರಕೆಯಲ್ಲಿ ಗುಡಿಸಿ ಹೊಳೆಗೆ ಚೆಲ್ಲಿದಳು. ಅವಳಿಗೆ ದೊರೆ ಹಿತ್ತಲಿರೋ ಮನೆ ಕಟ್ಟಿಸಿಕೊಟ್ಟ, ನೂರಾರು ಕೂಸುಗಳನ್ನ ಎತ್ತಾಡಿಸಿ ಸುಖವಾಗಿದ್ದಳು. ವೈದ್ಯ ಕಾಡಿಗೆ ಬಿಟ್ಟು ಹಿಂದಲೆ ಊರಿನ ವಿದ್ಯೆ ಕಲಿಯೋಕೆ ಕೂತ, ಇನ್ನೂ ಮುಗಿದಿಲ್ಲವಂತೆ. ಕಾವಲಿನವರಲ್ಲಿ ಒಬ್ಬ ದೊರೆಯ ಬೆನ್ನ ಹಿಂದೆ ಹೋಗಿ ನಿಂತ. ಗೋಸುಂಬೆ ಚಲನೆಯ ಬೀದಿಯಲ್ಲೇ ಸಾಕುಪ್ರಾಣಿಯಾಗಿ ಉಳಿಯಿತು. ಕೋಡಿ ನೀರು ಬೀಳೋದನ್ನ ಬಹಳ ಹೊತ್ತು ನೋಡಿ ದಡದ ಕಡೆ ತಿರುಗಿದರೆ, ದಡವೇ ಮೇಲಕ್ಕೆ ಹರಿದ ಹಾಗೆ ಕಾಣುತ್ತಲ್ಲ, ಅದು ಗೋಸುಂಬೆಯ ಕೀಟಲೆ. ಅಟ್ಟದ ಹಿರಿಯರು ಬಿಡುಗಡೆಯಾಗಿ, ಕೆಳಗಿನವರನ್ನ ಕೇಳಿ ಮಾತಾಡೋದು ಕಲಿತರು. ದೇವರಸ ಹಳೆಯ ಕಟ್ಟಳೆ ತೆಗೆದುಹಾಕಿ, ನಾನು ಕಂಡಿದ್ದನ್ನ ಇನ್ನೊಬ್ಬರೂ ಕಂಡರಾ ಅಂತ ಕೇಳಿಯೇ ಆಜ್ಞೆ ಕೊಡುತ್ತಾ ಮುದುಕನಾಗುವವರೆಗೂ ಆಳಿದ. ಕೂಸು ದೊಡ್ಡವಳಾಗಿ ಸಿಂಹಾಸನ ಏರಿದಳು. ಹೊನ್ನಾಜಿಯ ಕೂದಲು ಬೆಳ್ಳಗಾಯಿತು, ಮುಖ ಸುಕ್ಕಾಯಿತು, ಆ ಸುಕ್ಕು ಒಂದೊಂದನ್ನೂ ಅವಳ ಗಂಡ ಕಣ್ತುಂಬ ನೋಡಿದ.