ಮೂರನೇ ಸಾಲಿನ ಸ್ವರ

ಸಂಗೀತ ಶಾಲೆಯಲ್ಲಿ ನನ್ನ ಸ್ವರ ಜಾರಿದರೆ ಮೇಡಂ ಪೆನ್ಸಿಲ್‌ನಿಂದ ಪಿಯಾನೋ ಮೇಲೆ ಎರಡು ಸಲ ತಟ್ಟುತ್ತಿದ್ದರು. ಸರಿಯಾದರೆ ಹಾಳೆಯಲ್ಲಿ ಆ ಸಾಲಿನ ಪಕ್ಕ ಅದೇ ಪೆನ್ಸಿಲ್ಲಿನ ಪುಟ್ಟದೊಂದು ಟಿಕ್. ಅವರು ತೀರಿಕೊಂಡು ಆರು ವರ್ಷವಾಯಿತು. ನಾನೀಗ ರಾಕ್ ಹಾಡು ಕಟ್ಟಿ ಹಾಡುತ್ತೇನೆ, ಸ್ವರವನ್ನು ಬೇಕೆಂದೇ ಜಾರಿಸುತ್ತೇನೆ.

ಮೊನ್ನೆ ಮಧ್ಯಾಹ್ನ ಸ್ಟುಡಿಯೋದಲ್ಲಿ ಹೊಸ ಹಾಡಿನ ಮೂರನೇ ಸಾಲಿಗೆ ಬಂದು ಸ್ವರ ಜಾರಿಸಿದೆ. ರೆಕಾರ್ಡಿಂಗ್ ಮಾಡುತ್ತಿದ್ದವನು ನಿಲ್ಲಿಸಿದ.

"ಅಕ್ಕಾ, ಏನನ್ನೋ ತಟ್ತಾ ಇದೀರಲ್ಲ?"

"ಇಲ್ಲಪ್ಪಾ, ಕೈ ಜೇಬಲ್ಲೇ ಇದೆ."

ಹಾಕಿ ಕೇಳಿಸಿದ. ಟಕ್, ಟಕ್. ಅದೂ ಸ್ವರ ಜಾರುವುದಕ್ಕೆ ಮೊದಲೇ. ಏಳು ಸಲ ಹಾಡಿದರೂ ಅದೇ ಕಥೆ. ಎಂಟನೇ ಸಲ ಸೋತು, ಶಾಲೆಯಲ್ಲಿ ಕಲಿತಂತೆ ಸ್ವರ ಜಾರಿಸದೆ ನೇರವಾಗಿ ಹಾಡಿದೆ. ಸದ್ದಿಲ್ಲ.

"ಅಬ್ಬಾ, ಇದನ್ನೇ ಇಟ್ಕೊಳ್ಳೋಣ ಬಿಡಿ," ಎಂದ.

ಪೆನ್ನಿನಲ್ಲಿ ಬರೆದಿದ್ದ ಹಾಡಿನ ಹಾಳೆಯನ್ನು ಮಡಚಲು ಹೋದೆ. ಮೂರನೇ ಸಾಲಿನ ಪಕ್ಕ ಪೆನ್ಸಿಲ್ಲಿನ ಟಿಕ್ ಇತ್ತು. ಉಜ್ಜಿದರೆ ಬೆರಳಿಗೆ ಕಪ್ಪು ಅಂಟಿತು.