ಡಬ್ಬಿಯೊಳಗಿನ ದನಿ

‘ಬಾಗಿಲು ತೆರೆಯುವ ಸದ್ದು’ ಎಂದು ಟೈಪ್ ಮಾಡಿದವಳು ದೃಶ್ಯವನ್ನು ಮತ್ತೆ ಹಿಂದಕ್ಕೆಳೆದಳು. ತೆರೆದದ್ದು ಬಾಗಿಲೋ, ಬೀರುವೋ? ಇಯರ್‌ಬಡ್‌ನಲ್ಲಿ ಎಲ್ಲವೂ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತಿತ್ತು.

ಕಿವಿ ಕೇಳದವರಿಗಾಗಿ ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವುದು ಅವಳ ಕೆಲಸ. ಮಾತಷ್ಟೇ ಅಲ್ಲ, ಸದ್ದನ್ನೂ ಬರೆಯಬೇಕು. ಆಫೀಸು ಕಳಿಸುವ ಸಿನಿಮಾ ಈ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ.

ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಏನೇ, ಇಷ್ಟು ದೊಡ್ಡ ಮನೆ ಸಾಲ್ದೆ ಗುಬ್ಬಿಗೂಡು ಬೇಕಂತೆ ನಿಂಗೆ?"

ಅವಳ ಬೆರಳು ನಿಂತಿತು. ಟೈಲರ್ ಅಂಗಡಿಯ ಮೇಲೆ ಒಂದು ಸಣ್ಣ ಕೋಣೆ ಖಾಲಿಯಿತ್ತು. ಬಾಡಿಗೆಗೆ ಹಿಡಿದು, ಬಾಗಿಲು ಹಾಕಿಕೊಂಡು ಕೆಲಸ ಮಾಡುವ ಆಸೆ ಅವಳಿಗೆ. ಅದಕ್ಕೆ ಗುಬ್ಬಿಗೂಡು ಎಂದು ಹೆಸರಿಟ್ಟವಳೂ ಅವಳೇ. ಆ ಹೆಸರನ್ನು ಒಂದೇ ಒಂದು ಸಲ, ಇದೇ ಮೇಜಿನ ಮುಂದೆ ಕೂತು ಫೋನಿನಲ್ಲಿ ಅಕ್ಕನಿಗೆ ಹೇಳಿದ್ದಳು.

ಯಾರೋ ಅವಳ ಮಾತು ಕದ್ದಿದ್ದರು.

"ಯಾರು ಹೇಳಿದ್ರು ಅತ್ತೆ?"

"ಯಾರಾದ್ರೂ ಹೇಳ್ಬೇಕಾ? ನನ್ನ ಕಿವಿ ಇನ್ನೂ ಗಟ್ಟಿಯಿದೆ."

ಅಡುಗೆಮನೆಯಲ್ಲಿ ಕುಕ್ಕರ್ ಒಂದೇ ಸಮನೆ ಕೂಗುತ್ತಿತ್ತು. ಅತ್ತೆಗೆ ಅದು ಕೇಳಿಸಿರಲಿಲ್ಲ.

* * *

ಮಹಡಿಯ ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನ್ ಮಾಡಿದಳು. ಅದೇ ಇಯರ್‌ಬಡ್. ಅಕ್ಕನ ದನಿ ಸ್ವಚ್ಛವಾಗಿತ್ತು.

"ನಾನ್ಯಾಕೆ ಹೇಳ್ಲಿ? ನಿನ್ನ ಗಂಡನ್ ಹತ್ರ ನೆಟ್ಟಗೆ ನಾಲ್ಕು ಮಾತಾಡಿದ್ದು ನಿನ್ನ ಮದುವೇಲೇ ಕೊನೆ!"

"ಭಾವ ಏನಾದ್ರೂ..."

"ನಾನು ಹೇಳಿದ್ದೇ ಅವ್ರ ತಲೇಲಿ ನಿಲ್ಲಲ್ಲ ಕಣೆ. ನೀನು ಹೇಳಿದ್ದು ನಿಲ್ಲುತ್ತಾ?"

ಅವಳಿಗೆ ನಗು ಬರಲಿಲ್ಲ. ಸಬ್‌ಟೈಟಲ್‌ನಲ್ಲಿ ತಪ್ಪುಗಳಿವೆ ಎಂದು ಆಫೀಸಿನಿಂದ ಬೆಳಿಗ್ಗೆಯೇ ಮೇಲ್ ಬಂದಿತ್ತು. ಕೆಲಸ ಕೈತಪ್ಪಿದರೆ ಗೂಡೂ ಇಲ್ಲ, ಗುಬ್ಬಿಯೂ ಇಲ್ಲ.

ಸಂಜೆ ಗಂಡನ ಮುಂದೆ ತೋಡಿಕೊಂಡಳು.

"ರೀ, ಫೋನ್‌ಗೆ ಹಾಕಿದ್ರೆ ಚೆನ್ನಾಗಿ ಕೇಳುತ್ತೆ. ಲ್ಯಾಪ್‌ಟಾಪ್‌ಗೆ ಹಾಕಿದ್ರೆ ಬರೀ ಡಬ್ಬಿ."

"ಒಂದೊಂದು ಮಷಿನ್ನು ದನೀನ ಒಂದೊಂದು ಥರ ಅದುಮಿ ಕಳ್ಸುತ್ತೆ ಕಣೆ. ಅದಕ್ಕೇ ವ್ಯತ್ಯಾಸ."

"ಹೋದ ತಿಂಗಳು ಎರಡರಲ್ಲೂ ಚೆನ್ನಾಗೇ ಇತ್ತಲ್ಲ?"

"ಹಾಗಾದ್ರೆ ಕಿವಿ ತೋರಿಸ್ಕೋ. ವಯಸ್ಸಾಯ್ತಲ್ಲ."

ಅವನು ನಕ್ಕ. ಅವಳು ನಿಜವಾಗಿಯೂ ಹೋಗಿ ಕಿವಿ ತೋರಿಸಿಕೊಂಡು ಬಂದಳು. ಕಿವಿಗೇನೂ ಆಗಿರಲಿಲ್ಲ. ಇಯರ್‌ಬಡ್‌ನ ಜೋಡಣೆ ಅಳಿಸಿ ಮತ್ತೆ ಜೋಡಿಸಿದಳು. ಗಡುಸು ದನಿ, ತೆಳು ದನಿ ಎಂದು ಸೆಟ್ಟಿಂಗ್‌ಗಳನ್ನೆಲ್ಲ ತಿರುವಿದಳು. ಡಬ್ಬಿ ಡಬ್ಬಿಯಾಗಿಯೇ ಉಳಿಯಿತು. ಎತ್ತಿ ಬಿಸಾಡುವಷ್ಟು ಸಿಟ್ಟು ಬಂತು.

* * *

ಆಫೀಸಿನ ಮೀಟಿಂಗ್ ಲ್ಯಾಪ್‌ಟಾಪ್‌ನಲ್ಲೇ ನಡೆಯಿತು. ತಪ್ಪಿದ ದೃಶ್ಯವನ್ನು ಮ್ಯಾನೇಜರ್ ಹಾಕಿಸಿ ಕೇಳಿಸಿದರು. ಡಬ್ಬಿ ದನಿ. ಮೀಟಿಂಗ್ ಎಂದರೆ ಮೊದಲಿನಿಂದಲೂ ಹಾಗೇ. ಮುಗಿದೊಡನೆ ದನಿ ತಿಳಿಯಾಗುತ್ತಿತ್ತು.

ಮೀಟಿಂಗ್ ಮುಗಿಯಿತು. ದನಿ ತಿಳಿಯಾಗಲಿಲ್ಲ.

ಅವಳು ನೆಟ್ಟಗೆ ಕೂತಳು.

ಮೀಟಿಂಗ್‌ನಲ್ಲಿ ಇಯರ್‌ಬಡ್‌ನ ಮೈಕ್ ತೆರೆದಿರುತ್ತದೆ. ಬರುವ ದನಿಗೂ ಹೋಗುವ ದನಿಗೂ ಇರುವುದು ಒಂದೇ ಇಕ್ಕಟ್ಟಾದ ದಾರಿ. ಹೋಗುವ ದನಿಗೆ ಜಾಗ ಬಿಡಬೇಕಾದಾಗ ಬರುವ ದನಿ ಸೊರಗುತ್ತದೆ. ಹಾಗಾದರೆ ಈಗ, ಮೀಟಿಂಗ್ ಇಲ್ಲದಾಗ, ಅವಳ ದನಿ ಹೋಗುತ್ತಿರುವುದು ಎಲ್ಲಿಗೆ?

ಸೆಟ್ಟಿಂಗ್‌ನಲ್ಲಿ ಮೈಕ್ ಎಂಬ ಕಡೆ ಇಯರ್‌ಬಡ್ ತೆಗೆದು ಲ್ಯಾಪ್‌ಟಾಪ್‌ನದನ್ನೇ ಆಯ್ಕೆ ಮಾಡಿದಳು. ದೃಶ್ಯ ಹಾಕಿದಳು. ದನಿ ಅರಳಿತು. ಕಿರ್ರೆಂದದ್ದು ಬೀರುವಲ್ಲ, ಬಾಗಿಲೇ.

ಪರದೆಯ ಮೂಲೆಯಲ್ಲಿ ಮೈಕಿನ ಪುಟ್ಟ ಗುರುತು ಉರಿಯುತ್ತಲೇ ಇತ್ತು. ಒತ್ತಿದಳು. ಮೈಕ್ ಬಳಸುತ್ತಿರುವುದು ‘ಕ್ಲೀನರ್’ ಎಂಬ ಆ್ಯಪ್ ಎಂದು ತೋರಿಸಿತು. ಹೋದ ತಿಂಗಳ ಕೊನೆಯಲ್ಲಿ ಗಂಡ ಹಾಕಿಕೊಟ್ಟದ್ದು. ‘ನಿಧಾನ ಆಗಿದೆ ಕೊಡು, ಕ್ಲೀನ್ ಮಾಡ್ಕೊಡ್ತೀನಿ’ ಎಂದಿದ್ದ.

ಆದರೂ ಖಚಿತವಾಗಬೇಕಿತ್ತು. ಮೈಕನ್ನು ಮೊದಲಿನಂತೆಯೇ ಇಟ್ಟಳು. ಅತ್ತೆ ಹೊರಗೆ ಹೋಗಿದ್ದರು. ಯಾರಿಗೂ ಕರೆ ಮಾಡದೆ ಫೋನನ್ನು ಕಿವಿಯ ಬಳಿ ಹಿಡಿದಳು.

"ಅಕ್ಕಾ, ಭಾನುವಾರ ಬೆಳಿಗ್ಗೆ ಗುಬ್ಬಿಗೂಡು ನೋಡ್ಕೊಂಡ್ ಬರ್ತೀನಿ."

* * *

ರಾತ್ರಿ ಊಟಕ್ಕೆ ಕೂತಾಗ ಗಂಡ ತಟ್ಟೆಯಿಂದ ತಲೆ ಎತ್ತದೆ ಹೇಳಿದ, "ಭಾನುವಾರ ಬೆಳಿಗ್ಗೆ ಎಲ್ಲೂ ಹೊರಡ್ಬೇಡ. ನನ್ನ ಸ್ನೇಹಿತರು ಬರ್ತಾರೆ."

"ನಾನು ಹೊರಡ್ತೀನಿ ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ಸುಮ್ನೆ ಹೇಳ್ದೆ."

ಅತ್ತೆ ಮಧ್ಯೆ ಬಾಯಿ ಹಾಕಿದರು. "ಆ ಗುಬ್ಬಿಗೂಡಿಗೆ ತಾನೇ? ನೀನೇ ಅವತ್ತು ಹೇಳಿದ್ಯಲ್ಲೋ, ಇವ್ಳು..."

"ಅಮ್ಮಾ, ಸುಮ್ನೆ ಊಟ ಮಾಡು!"

ಅವನ ಕಿವಿ ಕೆಂಪಾಯಿತು. ಆ ಭಾನುವಾರದ ಮಾತು ಅಕ್ಕನಿಗೂ ಗೊತ್ತಿರಲಿಲ್ಲ, ಅತ್ತೆಗೂ. ಕೇಳಿಸಿಕೊಂಡದ್ದು ಲ್ಯಾಪ್‌ಟಾಪ್ ಒಂದೇ. ಕೋಣೆಯ ವಿಷಯ ತಿಳಿದದ್ದಕ್ಕಿಂತ, ಎಲ್ಲ ಗೊತ್ತಿದ್ದೂ ಕಿವಿ ತೋರಿಸ್ಕೋ ಎಂದನಲ್ಲ, ಅದು ಅವಳನ್ನು ಇರಿಯಿತು.

"ಸಾರು ಹಾಕ್ಲಾ?" ಎಂದಳು.

* * *

ಮರುದಿನ ಲ್ಯಾಪ್‌ಟಾಪ್ ಮುಂದೆ ಕೂತು, ಇಯರ್‌ಬಡ್ ತೆಗೆಯದೆ, ನಿಜವಾಗಿಯೂ ಅಕ್ಕನಿಗೆ ಫೋನ್ ಮಾಡಿದಳು.

"ಬೇಡ ಬಿಡಕ್ಕ. ನನಗ್ಯಾಕೆ ಆ ಕೋಣೆ? ಮನೇಲೇ ಇರ್ತೀನಿ."

"ಅಷ್ಟೇನೇ ನಿನ್ನ ಧೈರ್ಯ? ಥೂ! ನಿನ್ನನ್ನ ನಂಬ್ಕೊಂಡು ನಾನೂ ಒಬ್ಳು ಕುಣೀತಿದ್ನಲ್ಲ."

ಮಾತು ಚುಚ್ಚಿತು. ತುಟಿ ಕಚ್ಚಿ ಸಹಿಸಿದಳು. ಲ್ಯಾಪ್‌ಟಾಪ್ ಕೇಳಿಸಿಕೊಳ್ಳುತ್ತಿರುವಾಗ ಅಕ್ಕನಿಗೂ ನಿಜ ಹೇಳುವಂತಿರಲಿಲ್ಲ.

ಇಯರ್‌ಬಡ್ ಬಿಚ್ಚಿ ಮೇಜಿನ ಮೇಲಿಟ್ಟಳು. ಲ್ಯಾಪ್‌ಟಾಪ್ ಆರಿಸಲಿಲ್ಲ, ಸಿನಿಮಾವನ್ನು ಹಾಗೇ ಓಡಲು ಬಿಟ್ಟಳು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಸದ್ದಿಲ್ಲದೆ ಮೆಟ್ಟಿಲಿಳಿದಳು. ಟೈಲರ್ ಅಂಗಡಿ ಮುಚ್ಚುವುದರೊಳಗೆ ತಲುಪಬೇಕಿತ್ತು.

ಪರದೆಯ ಮೂಲೆಯಲ್ಲಿ ಮೈಕಿನ ಗುರುತು ಉರಿಯುತ್ತಲೇ ಇತ್ತು. ಕೋಣೆಯಲ್ಲಿ ಮಾತಾಡುವವರು ಯಾರೂ ಇರಲಿಲ್ಲ.